ಒಂದೂರಿನ ಕಷ್ಟಕ್ಕೆ ಮೂರೂರಿನ ಮೇಳ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ನಾಟಕ ಮಂಡಳಿಗಳಿಗೆ, ತಮಟೆ ಮತ್ತು ಕೋಲಾಟದ ತಂಡಗಳಿಗೆ, ಭಜನಾ ಮಂಡಳಿಗಳಿಗೆ, ತಾಲ್ಲೂಕು ಸಾಹಿತ್ಯ ಪರಿಷತ್ತಿನ ಪದಾಧಿಕಾರಿಗಳಿಗೆ ಬಹಿರಂಗ ಪತ್ರ



ಒಂದು ಊರು ಕಷ್ಟಕ್ಕೆ ಸಿಕ್ಕಾಗ ಬೇರೆ ಊರಿನ ಕಲಾವಿದರು ಇಂಟರ್‌ನೆಟ್ ಮೂಲಕ ಅದರ ಜೊತೆ ಸೇರಿ ಹಾಡುವುದು, ಆಡುವುದು, ಅದರಿಂದ ಕೂಡಿದ ಹಣವನ್ನು ಆ ಊರಿಗೆ ಮುಟ್ಟಿಸುವುದು ಕೋವಿಡ್ ಕಾಲದಿಂದ ಎಲ್ಲೆಡೆ ರೂಢಿಗೆ ಬಂದಿದೆ. ಇಂಥ ಕಾರ್ಯಕ್ರಮದಲ್ಲಿ ಕಷ್ಟದ ಊರೂ ವೇದಿಕೆ ಏರಿದರೆ ಅದು ವಿನಿಮಯ. ಆ ಊರು ಬರೀ ನೆರವು ಪಡೆಯುವ ಸಾಲಿನಲ್ಲಿ ನಿಂತರೆ ಅದು ಚಂದಾ ವಸೂಲಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದು ವರ್ಷಗಟ್ಟಲೆ ನಡೆಯುತ್ತದೆ, ಎರಡನೆಯದು ಒಂದು ಸಂಜೆಗೆ ಮುಗಿಯುತ್ತದೆ. ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೋಲಾರದ ಸುತ್ತ ಕೂತಿರುವ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಮೊದಲನೆಯ ಬಗೆ ಯಾಕೆ ಒಗ್ಗುತ್ತದೆ, ಅದನ್ನು ನಡೆಸುವ ಬಗೆ ಯಾವುದು, ಎಲ್ಲಿ ಎಡವುತ್ತದೆ ಎಂಬುದು ಈ ಪತ್ರದ ವಿಷಯ.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಶುರುವಾಯಿತು. ಅಂದು ಯುಗಾದಿ. ಈ ಸೀಮೆಯಲ್ಲಿ ಶಿವರಾತ್ರಿಯಿಂದ ಮುಂಗಾರು ಬೀಳುವವರೆಗೆ ಜಾತ್ರೆ, ಕರಗ, ಊರಹಬ್ಬ, ಪೌರಾಣಿಕ ನಾಟಕಗಳ ಕಾಲ. ತಮಟೆಯವರು, ಹಾರ್ಮೋನಿಯಂ ಮೇಷ್ಟ್ರು, ಬಣ್ಣ ಹಚ್ಚುವವರು, ಡ್ರಾಮಾ ಸೀನರಿಯವರು, ಮೈಕ್ ಸೆಟ್ಟಿನವರು ವರ್ಷದ ದುಡಿಮೆಯ ದೊಡ್ಡ ಪಾಲನ್ನು ಕಾಣುವುದು ಈ ಕೆಲವೇ ತಿಂಗಳಲ್ಲಿ. ಮೇ ಎರಡನೇ ವಾರದವರೆಗೆ ಜಿಲ್ಲೆಯಲ್ಲಿ ಒಂದೂ ಕೋವಿಡ್ ಪ್ರಕರಣ ಇರಲಿಲ್ಲ. ಮೊದಲ ಪ್ರಕರಣಗಳು ಕಂಡದ್ದು ಮುಳಬಾಗಿಲು ತಾಲ್ಲೂಕಿನಲ್ಲಿ. ಅಷ್ಟು ಹೊತ್ತಿಗೆ, ರೋಗ ಇನ್ನೂ ಕಾಲಿಡದ ಜಿಲ್ಲೆಯಲ್ಲೇ, ಕಲಾವಿದರ ಒಂದು ಇಡೀ ಹಂಗಾಮು ಕೈಬಿಟ್ಟು ಹೋಗಿತ್ತು.

ರಾಜ್ಯ ಸರ್ಕಾರ 2020ರಲ್ಲಿ ಸಂಕಷ್ಟದಲ್ಲಿದ್ದ ಕಲಾವಿದರಿಗೆ ತಲಾ 2000 ರೂಪಾಯಿ, 2021ರ ಎರಡನೇ ಅಲೆಯಲ್ಲಿ ತಲಾ 3000 ರೂಪಾಯಿ ಘೋಷಿಸಿತು. ಎರಡನೆಯದಕ್ಕೆ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕಿತ್ತು. ತಮಟೆ ಹೊಡೆದೇ ಜೀವನ ಕಳೆದವರಲ್ಲಿ ಎಷ್ಟೋ ಮಂದಿಗೆ ತಾವು ಕಲಾವಿದರೆಂದು ತೋರಿಸುವ ಕಾಗದವೇ ಇರುವುದಿಲ್ಲ. ಊರಿಗೆಲ್ಲ ಗೊತ್ತಿದ್ದರೆ ಸಾಕಿತ್ತು, ಅಷ್ಟೆ. ಯಾವ ತಂಡದಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಊರಿನ ಕೈಯಲ್ಲೇ ಇರಬೇಕು ಎಂಬುದು ಆ ಎರಡು ವರ್ಷ ಕಲಿಸಿದ ಮೊದಲ ಪಾಠ.

ಕೋವಿಡ್ ಎಲ್ಲ ಊರನ್ನೂ ಒಟ್ಟಿಗೇ ಹಿಡಿಯಿತು. ಮಿಕ್ಕ ಕಷ್ಟಗಳು ಹಾಗಲ್ಲ, ಅವು ಸರದಿಯ ಮೇಲೆ ಬರುತ್ತವೆ. ಶ್ರೀನಿವಾಸಪುರದ ಕಷ್ಟ ಮಾವಿನದು, ಮೇ ತಿಂಗಳಿಂದ ಜುಲೈವರೆಗಿನದು. ಕೋಲಾರದ್ದು ಟೊಮೆಟೊದ್ದು. 2023ರ ಜುಲೈನಲ್ಲಿ ಅಲ್ಲಿನ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು 2000 ರೂಪಾಯಿ ದಾಟಿತ್ತು. ಅದೇ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಮನೆಯಲ್ಲೂ ಕಲ್ಲು ಕೆತ್ತುವ ಶಿಲ್ಪಿಗಳಿದ್ದಾರೆ. ದೇವಸ್ಥಾನ ಕಟ್ಟುವ ಕೆಲಸ ನಿಂತರೆ ಅವರ ಉಳಿಯೂ ನಿಲ್ಲುತ್ತದೆ. ಮುಳಬಾಗಿಲು ಆಂಧ್ರದ ಗಡಿಗೂ ಹೆದ್ದಾರಿಗೂ ಅಂಟಿಕೊಂಡ ಊರು, ಗಡಿಯಲ್ಲಿ ತಡೆ ಬಿದ್ದರೆ ಮೊದಲು ತಟ್ಟುವುದು ಅಲ್ಲಿನ ಪೇಟೆಗೆ. ನೀರಿನ ಕಷ್ಟವೊಂದು ಮಾತ್ರ ನಾಲ್ಕೂ ಊರಿಗೆ ಸಮ, ಏಕೆಂದರೆ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಇಲ್ಲಿಂದ ಹಾಲು, ತರಕಾರಿ, ದುಡಿಯುವ ಜನ ಬೆಂಗಳೂರಿಗೆ ಹೋಗುತ್ತಾರೆ. ಆ ಕೊಡುಕೊಳ್ಳುವ ಲೆಕ್ಕದಲ್ಲಿ ಹಾಡು, ನಾಟಕದ ಬಾಬತ್ತು ಇನ್ನೂ ಖಾಲಿಯಾಗಿಯೇ ಇದೆ.

ಕಷ್ಟದ ತಿಂಗಳು ಬೇರೆ ಬೇರೆಯಾಗಿರುವುದರಿಂದಲೇ ಒಂದೂರು ಇನ್ನೊಂದಕ್ಕೆ ಒದಗಿಬರಬಲ್ಲದು. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಟ್ಟುಕೊಳ್ಳುವ ಪುಸ್ತಕದ ಕ್ರಮವೇ ಇಲ್ಲಿಗೂ ಸರಿ: ಇಂದು ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ತಿರುಗಿ ಹಾಕುವುದು. ಹಾಗೆ ಬರೆದಿಟ್ಟಲ್ಲಿ ಪಡೆದವರು ತಲೆ ತಗ್ಗಿಸಬೇಕಾದ ಕಾರಣವಿಲ್ಲ.

ಇಂಟರ್‌ನೆಟ್ ಹೊಸದಾದರೂ ಈ ಕೆಲಸ ಹಳೆಯದು. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಆಗ ಬಿನಯ್ ರಾಯ್ ಮುಂದಾಳುತನದಲ್ಲಿ ಬಂಗಾಳದ ಹಾಡುಗಾರರು, ನೃತ್ಯಗಾರರು ಪಂಜಾಬ್, ಮುಂಬಯಿ, ಗುಜರಾತಿನ ಕಡೆ ತಿರುಗಿ ಬರದ ಕಥೆಯನ್ನು ಹಾಡಿ ಕುಣಿದು ಹಣ ಕೂಡಿಸಿದರು. ಅವರ ಜೊತೆ ನಂಟಿದ್ದ ಸಂಸ್ಥೆ ಇಪ್ಟಾ, ಅಂದರೆ ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್. ಆ ಸಂಸ್ಥೆಯ ಒಂದು ಬೇರು ಬೆಂಗಳೂರಿನಲ್ಲಿದೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 1941ರಲ್ಲಿ ಸಿಲೋನಿನ ಅನಿಲ್ ಡಿ ಸಿಲ್ವಾ ಎಂಬ ಮಹಿಳೆ ಬೆಂಗಳೂರಿನಲ್ಲಿ ಪೀಪಲ್ಸ್ ಥಿಯೇಟರ್ ಕಟ್ಟಿದ್ದರು, ಆಮೇಲೆ ಮುಂಬಯಿಗೆ ಹೋಗಿ ಅದೇ ಕೆಲಸ ಮುಂದುವರಿಸಿದರು. ಬಂಗಾಳದ ಆ ದಂಡಿನಲ್ಲಿ ಗಮನಿಸಬೇಕಾದದ್ದು, ಹಸಿದ ನಾಡಿನವರೇ ವೇದಿಕೆಯ ಮೇಲಿದ್ದರು ಎಂಬುದು. ಅವರ ಪರವಾಗಿ ಬೇರೆ ಯಾರೋ ಅಳಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ಮತ್ತು ರಷ್ಯಾದ ಸ್ಟಾಲಿನ್‌ಗ್ರಾಡ್ ನಡುವೆ ಬೆಳೆದ ನಂಟೂ ಇದೇ ಬಗೆಯದು. ಕೊವೆಂಟ್ರಿ 1940ರ ನವೆಂಬರಿನಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟ ಊರು. ಅಲ್ಲಿನ 800ಕ್ಕೂ ಹೆಚ್ಚು ಹೆಂಗಸರು ಮೇಜಿನ ಬಟ್ಟೆಯೊಂದರ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಹಾಕಿ, ಕೈಲಾದಷ್ಟು ಕಾಸು ಸೇರಿಸಿ, ತಮಗಿಂತ ಹೆಚ್ಚು ನಾಶವಾಗಿದ್ದ ಸ್ಟಾಲಿನ್‌ಗ್ರಾಡಿಗೆ ಕಳಿಸಿದರು. 1944ರಲ್ಲಿ ಎರಡೂ ಅವಳಿ ನಗರಗಳಾದವು. ಈಚಿನ ಉದಾಹರಣೆ ಲಿವರ್‌ಪೂಲ್. 2022ರ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ಉಕ್ರೇನಿಗೆ ಯುದ್ಧದ ಕಾರಣ ಮರುವರ್ಷದ ಸ್ಪರ್ಧೆ ನಡೆಸಲಾಗಲಿಲ್ಲ. 2023ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಅದನ್ನು ಉಕ್ರೇನಿನ ಪರವಾಗಿ ನಡೆಸಿತು. ಉಕ್ರೇನಿನ ಒಡೆಸಾ ಜೊತೆ ಲಿವರ್‌ಪೂಲಿಗೆ 1957ರಿಂದ ಅವಳಿ ನಗರದ ನಂಟಿತ್ತು. ಬೆಂಗಳೂರಿಗೂ ಚೀನಾದ ಚೆಂಗ್ಡು ನಗರಕ್ಕೂ 2013ರಲ್ಲಿ ಇಂಥದೇ ಒಪ್ಪಂದವಾಯಿತು. ಆದರೆ ದೊಡ್ಡ ನಗರಗಳ ಈ ಒಪ್ಪಂದಗಳು ಬಹುಮಟ್ಟಿಗೆ ವ್ಯಾಪಾರ, ತಂತ್ರಜ್ಞಾನ, ಅಧಿಕಾರಿಗಳ ಭೇಟಿಯ ಸುತ್ತಲೇ ಸುತ್ತುತ್ತವೆ. ತಾಲ್ಲೂಕು ಕೇಂದ್ರಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಅವು ತಮ್ಮ ನಂಟನ್ನು ತಾವೇ ಕಟ್ಟಿಕೊಳ್ಳಬೇಕು.

ಜಿಲ್ಲೆಯೊಳಗೇ ಇದಕ್ಕೆ ಪೂರ್ವನಿದರ್ಶನ ಇದೆ. 1970ರ ದಶಕದ ಕೊನೆಯ ಹೊತ್ತಿಗೆ ಮಾಲೂರು ತಾಲ್ಲೂಕಿನ ಹುಣಸಿಕೋಟೆಯಲ್ಲಿ ನಡೆದ ದಲಿತರ ಮೇಲಿನ ದೌರ್ಜನ್ಯದ ವಿರುದ್ಧ ದಲಿತ ಸಂಘರ್ಷ ಸಮಿತಿ (ದಸಂಸ) ಅಲ್ಲಿಂದ ಬೆಂಗಳೂರಿಗೆ ಕಾಲ್ನಡಿಗೆ ಜಾಥಾ ನಡೆಸಿತು. ಆ ಕಾಲದ ದಸಂಸ ಹೋರಾಟಗಳಲ್ಲಿ ಹಾಡು ಭಾಷಣಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಒಂದು ಹಳ್ಳಿಯ ನೋವು ಇನ್ನೊಂದು ತಾಲ್ಲೂಕಿಗೆ ಮುಟ್ಟುತ್ತಿದ್ದದ್ದು ಪತ್ರಿಕೆಗಿಂತ ಮೊದಲು ಹಾಡಿನಿಂದ. ಆ ಪರಂಪರೆಯಿಂದಲೇ ಬಂದ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಅಂತರಗಂಗೆಯ ಮೇಲಿನ ತೇರಹಳ್ಳಿ ಬೆಟ್ಟದಲ್ಲಿ ‘ಆದಿಮ’ ಕಟ್ಟಿದರು. ದಿನಕ್ಕೊಂದು ರೂಪಾಯಿಯಂತೆ ಕೂಡಿಟ್ಟ ಹಣ ಅದರ ಮೊದಲ ಬಂಡವಾಳ. ಹುಣ್ಣಿಮೆ ಹಾಡು ಎಂಬ ಹೆಸರಿನಲ್ಲಿ ತಿಂಗಳು ತಿಂಗಳೂ ಬೆಟ್ಟದ ಮೇಲೆ ಹಾಡು, ನಾಟಕ, ಮಾತು ನಡೆಯುತ್ತ ಬಂದವು. ಈ ಪತ್ರದ ವಿಷಯಕ್ಕೆ ಆದಿಮದ ಎರಡು ಸಂಗತಿ ಮುಖ್ಯ. ಹಣ ಸಣ್ಣ ಸಣ್ಣದಾಗಿ, ಕಷ್ಟ ಬರುವ ಮುಂಚಿನಿಂದಲೇ ಸೇರುತ್ತಿತ್ತು. ಕಾರ್ಯಕ್ರಮಕ್ಕೆ ಪಂಚಾಂಗದ ಗೊತ್ತಾದ ದಿನ ಇತ್ತು, ಆಹ್ವಾನ ಪತ್ರಿಕೆ ಕಾಯಬೇಕಿರಲಿಲ್ಲ.

ಇಷ್ಟು ಹತ್ತಿರದ ಊರುಗಳಿಗೆ ಆನ್‌ಲೈನ್ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೋಲಾರದಿಂದ ಮಾಲೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ರಸ್ತೆ ತೆರೆದಿರುವಾಗ ತಂಡ ಬಸ್ಸು ಹತ್ತುವುದೇ ವಾಸಿ, ಫೋನಿನ ಪರದೆ ಎದುರಿನ ಕೂಟಕ್ಕೆ ಸಾಟಿಯಾಗದು. ಆನ್‌ಲೈನ್ ಬೇಕಾಗುವುದು ಎರಡು ಸಂದರ್ಭಕ್ಕೆ. ರಸ್ತೆಯೇ ಮುಚ್ಚಿದಾಗ ಒಂದು. ಈ ಊರುಗಳಿಂದ ಹೊರಟು ಬೆಂಗಳೂರು, ಕೊಲ್ಲಿ ದೇಶ, ಅಮೆರಿಕ ಸೇರಿದವರನ್ನು ಮುಟ್ಟಬೇಕಾದಾಗ ಇನ್ನೊಂದು. ಶ್ರೀನಿವಾಸಪುರದ ಹುಡುಗ ವೈಟ್‌ಫೀಲ್ಡಿನ ಬಾಡಿಗೆ ಕೋಣೆಯಲ್ಲಿ ಕೂತು ತನ್ನೂರಿನ ಭಜನೆ ಕೇಳಿ ನೂರು ರೂಪಾಯಿ ಹಾಕಿದರೆ, ಆ ನೂರು ಬೇರೆ ದಾರಿಯಿಂದ ಬರುವಂಥದ್ದಲ್ಲ.

ಇನ್ನು ಕೆಲಸದ ವಿವರ. ಮೊದಲ ತೊಡಕು ತಡ. ಕೋಲಾರದಲ್ಲಿ ಬಿದ್ದ ತಮಟೆಯ ಪೆಟ್ಟು ವಿಡಿಯೊ ಕರೆಯಲ್ಲಿ ಮುಳಬಾಗಿಲಿಗೆ ಮುಟ್ಟಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಾದರೂ ಹಿಡಿಯುತ್ತದೆ, ಕೆಲವೊಮ್ಮೆ ಅದರ ಎರಡು ಮೂರು ಪಟ್ಟು. ಜೊತೆಯಾಗಿ ನುಡಿಸುವವರು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತಡವನ್ನು ತಾಳಲಾರರು, ಲಯ ಕೆಡುತ್ತದೆ. ಹೀಗಾಗಿ ಎರಡು ಊರಿನ ತಂಡಗಳು ಒಂದೇ ತಾಳಕ್ಕೆ ಒಟ್ಟಿಗೆ ಬಾರಿಸುವುದು ಸಾಧಾರಣ ಇಂಟರ್‌ನೆಟ್ಟಿನಲ್ಲಿ ಆಗದ ಕೆಲಸ. 2020ರಲ್ಲಿ ಹಲವು ಕಿಟಕಿಗಳಲ್ಲಿ ಹಲವರು ಒಟ್ಟಿಗೆ ಹಾಡಿದಂತೆ ಕಂಡ ವಿಡಿಯೊಗಳು ಬಹುಪಾಲು ಬೇರೆ ಬೇರೆಯಾಗಿ ಚಿತ್ರೀಕರಿಸಿ ಆಮೇಲೆ ಹೊಲಿದವು. ನೇರ ಪ್ರಸಾರಕ್ಕೆ ಒಗ್ಗುವುದು ಸರದಿಯ ಕಲೆ. ಒಂದೂರು ಪೂರ್ತಿ ಹಾಡಿ ಮುಗಿಸಬೇಕು, ಇನ್ನೊಂದೂರು ಅದಕ್ಕೆ ಉತ್ತರ ಹಾಡಬೇಕು.

ಅದೃಷ್ಟಕ್ಕೆ ಈ ಸೀಮೆಯ ಕಲೆಗಳಲ್ಲಿ ಅಂಥವೇ ಹೆಚ್ಚು. ಭಜನಾ ಮಂಡಳಿಗಳ ಸರದಿ ಹಾಡು ಇದೆ. ಹರಿಕಥೆ ಇದೆ, ತೆಲುಗಿನ ಬುರ್ರಕಥೆ ಇದೆ. ಮೂಡಲಪಾಯ ಬಯಲಾಟವಾದ ‘ಕೇಳಿಕೆ’ಯಲ್ಲಿ ಭಾಗವತರು ಹಾಡಿದ ಮೇಲೆ ಪಾತ್ರ ಮಾತಾಡುತ್ತದೆ. ಎಲ್ಲಕ್ಕಿಂತ ಅನುಕೂಲವಾದದ್ದು ತತ್ವಪದ. ಕೈವಾರದ ನಾರೇಯಣ ಯೋಗಿ, ಜನರ ಬಾಯಲ್ಲಿ ಕೈವಾರ ತಾತಯ್ಯ, ಕನ್ನಡದಲ್ಲೂ ತೆಲುಗಿನಲ್ಲೂ ಪದ ಕಟ್ಟಿದವರು. ಅವರ ಪದಗಳನ್ನು ಹಾಡುವ ಮಂಡಳಿಗಳು ಈ ಭಾಗದ ತಾಲ್ಲೂಕುಗಳಲ್ಲೆಲ್ಲ ಇವೆ. ಒಂದೇ ಪದವನ್ನು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನವರು ಒಂದು ಧಾಟಿಯಲ್ಲಿ, ಮಾಲೂರು ತಾಲ್ಲೂಕಿನ ಮಾಸ್ತಿ ಊರಿನವರು ಇನ್ನೊಂದು ಧಾಟಿಯಲ್ಲಿ ಹಾಡಿದರೆ, ಆ ವ್ಯತ್ಯಾಸ ಕೇಳುವುದೇ ಒಂದು ಸಂಜೆಯ ಕಾರ್ಯಕ್ರಮ. ಮುಳಬಾಗಿಲಿನ ಶ್ರೀಪಾದರಾಜರ ಕೀರ್ತನೆಗಳು, ಹದಿನೈದನೇ ಶತಮಾನದವು, ಇದೇ ಸಾಲಿಗೆ ಸೇರುತ್ತವೆ.

ಎರಡನೇ ತೊಡಕು ಸದ್ದು. ವಿಡಿಯೊ ಕರೆಯ ಆ್ಯಪ್‌ಗಳು ಮನುಷ್ಯರ ಮಾತಿಗೆಂದು ಮಾಡಿದವು. ತಮಟೆ, ಡೋಲು, ತಾಳಗಳನ್ನು ಅವು ಗಲಾಟೆ ಎಂದೇ ತಿಳಿದು ಅಳಿಸಿಹಾಕುತ್ತವೆ. ಕೇಳುವವರಿಗೆ ಪೆಟ್ಟಿನ ಬದಲು ತುಂಡು ತುಂಡು ಮೌನ ಸಿಗುತ್ತದೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆ ಒತ್ತಿದರೆ ಇದು ತಪ್ಪುತ್ತದೆ. ತಮಟೆಗೆ ಮೈಕನ್ನು ಎದುರಿಗೆ ಹಿಡಿಯದೆ ಐದಾರು ಅಡಿ ದೂರ, ತುಸು ಪಕ್ಕಕ್ಕೆ ಇಟ್ಟರೆ ಸದ್ದು ಒಡೆಯುವುದಿಲ್ಲ. ಇದನ್ನು ಊರಿನ ಮೈಕ್ ಸೆಟ್ಟಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಆನ್‌ಲೈನ್ ಕಾರ್ಯ ಎಂದು ಅವರನ್ನು ಬಿಟ್ಟು ಬರೀ ಫೋನು ಹಿಡಿದ ಹುಡುಗರಿಗೆ ಒಪ್ಪಿಸುವುದು ತಪ್ಪು ಲೆಕ್ಕ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಸದ್ದು ಕೆಟ್ಟರೆ ಎರಡನೇ ನಿಮಿಷಕ್ಕೆ ಬೇರೆಡೆ ಹೋಗುತ್ತಾರೆ.

ಮಿಕ್ಕ ಸಿದ್ಧತೆಗಳಲ್ಲಿ ಕೆಲವಕ್ಕೆ ಮುಂಚಿತ ದಿನ ಬೇಕು. ಯೂಟ್ಯೂಬಿನಲ್ಲಿ ಫೋನಿನಿಂದ ನೇರ ಪ್ರಸಾರ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರು ಇರಬೇಕು. ಮೊದಲ ಸಲ ಅನುಮತಿ ಕೇಳಿದರೆ 24 ಗಂಟೆವರೆಗೂ ಕಾಯಬೇಕಾಗುತ್ತದೆ. ಕಷ್ಟ ಬಂದ ದಿನ ಚಾನೆಲ್ ತೆರೆಯ ಹೊರಟರೆ ಒಂದು ದಿನ ಹಾಗೇ ಹೋಯಿತು. ಹೊತ್ತಿನ ವಿಷಯಕ್ಕೆ ಈ ಜಿಲ್ಲೆಯಲ್ಲಿ ಒಂದೇ ನಿಯಮ ಸಾಕು: ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ.

ಕೃತಿಸ್ವಾಮ್ಯದ ಮಾತು ಆನ್‌ಲೈನಿನಲ್ಲಿ ಊರ ಬಯಲಿಗಿಂತ ಬಿಗಿ. ಭಾರತದ ಕಾಯ್ದೆಯಂತೆ ಲೇಖಕ ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ತೀರಿಕೊಂಡದ್ದು 1986ರಲ್ಲಿ, ಆದ್ದರಿಂದ ಅವರ ‘ಕಾಕನಕೋಟೆ’ ನಾಟಕವನ್ನು ಪ್ರಸಾರ ಮಾಡಲು 2046ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಮುಳಬಾಗಿಲಿನ ಡಿ.ವಿ. ಗುಂಡಪ್ಪ ತೀರಿದ್ದು 1975ರಲ್ಲಿ, ಅವರ ‘ಮಂಕುತಿಮ್ಮನ ಕಗ್ಗ’ದ ವಾಚನಕ್ಕೆ 2035ರ ಕೊನೆಯವರೆಗೆ ಇದೇ ಮಾತು. ಕೇಳಿದರೆ ಒಪ್ಪಿಗೆ ಸಿಗುವುದು ಕಷ್ಟವೇನಲ್ಲ, ಕೇಳದೆ ಇರುವುದು ಮಾತ್ರ ರೂಢಿಯಾಗಿದೆ. ಶ್ರೀಪಾದರಾಜರ, ತಾತಯ್ಯನವರ ಪದಗಳಿಗೆ ಈ ತಾಪತ್ರಯವಿಲ್ಲ. ಪೌರಾಣಿಕ ನಾಟಕದವರಿಗೆ ಬೇರೊಂದು ಗುಂಡಿ ಇದೆ. ಕುರುಕ್ಷೇತ್ರದ ಕೃಷ್ಣ ಸಿನಿಮಾ ಧಾಟಿಯಲ್ಲಿ ಹಾಡಿದರೆ ಬಯಲಿನಲ್ಲಿ ಶಿಳ್ಳೆ ಬೀಳುತ್ತದೆ, ಯೂಟ್ಯೂಬಿನಲ್ಲಿ ಆ ಧಾಟಿಯ ಒಡೆಯರು ಹಕ್ಕು ಸ್ಥಾಪಿಸಿ, ವಿಡಿಯೊಗೆ ಬರುವ ಜಾಹೀರಾತಿನ ಹಣ ತಮ್ಮ ಕಡೆ ತಿರುಗಿಸಿಕೊಳ್ಳಬಹುದು. ಹಾರ್ಮೋನಿಯಂ ಮೇಷ್ಟ್ರಿಗೆ ಇದನ್ನು ತಾಲೀಮಿನ ದಿನವೇ ಹೇಳಬೇಕು, ಹಳೆಯ ರಂಗಗೀತೆಯ ಮಟ್ಟುಗಳು ಅವರ ಬಳಿ ಬೇಕಾದಷ್ಟಿರುತ್ತವೆ.

ಹಣದ ದಾರಿ ಇಡೀ ಕೆಲಸದ ಅತಿ ಸೂಕ್ಷ್ಮ ಭಾಗ. ಇದಕ್ಕೆ ದೊಡ್ಡವರೇ ಎಡವಿದ ಉದಾಹರಣೆ ಇದೆ. 1971ರ ಆಗಸ್ಟ್ 1ರಂದು ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತ ಕಚೇರಿ ನಡೆಸಿದರು. ಟಿಕೆಟ್ಟಿನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಬೇಗ ಸಂದಿತು. ಆಮೇಲೆ ಬಂದ ಧ್ವನಿಮುದ್ರಿಕೆ ಮತ್ತು ಚಿತ್ರದ ಹಣ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದರೆ ತೆರಿಗೆ ವಿನಾಯಿತಿಗೆ ಮುಂಚೆಯೇ ಅರ್ಜಿ ಹಾಕಿರಲಿಲ್ಲವೆಂದು ಅದು ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಹಾಡಿನಲ್ಲಿ ಕೊರತೆ ಇರಲಿಲ್ಲ, ಕಾಗದದಲ್ಲಿ ಇತ್ತು.

ಇಲ್ಲಿನ ತಂಡಗಳಿಗೆ ಅದಕ್ಕೆ ಸಮಾನವಾದ ಕಾಗದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ಈ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆಯಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡು ಇದ್ದರೂ, ಅದು ವಿದೇಶಿ ದೇಣಿಗೆ. ಅಲ್ಲಿನ ಕನ್ನಡ ಕೂಟ ತನ್ನ ಖಾತೆಯಿಂದ ಕಳಿಸಿದರೂ ಅಷ್ಟೆ. ಅಂಥ ಹಣ ಪಡೆಯಲು ಸಂಸ್ಥೆಗೆ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಒಂದು ತಾಲ್ಲೂಕಿನ ತಂಡ ಇಷ್ಟೆಲ್ಲ ಮಾಡಿಕೊಳ್ಳುವುದು ದೂರದ ಮಾತು. ಆದ್ದರಿಂದ ಹೊರದೇಶದ ಕೂಟಗಳಿಂದ ಹಣ ಕೇಳುವ ಬದಲು ಅವರ ಹಾಡು, ನಾಟಕವನ್ನು ಕಾರ್ಯಕ್ರಮಕ್ಕೆ ಕರೆಯುವುದು, ಹಣವನ್ನು ದೇಶದೊಳಗಿನ ನಂಟರಿಂದ ಪಡೆಯುವುದು ಲೇಸು.

ದೇಶದೊಳಗಿನ ಹಣಕ್ಕೆ ಯುಪಿಐ ಸುಲಭ. ಸುಲಭವಾದಷ್ಟೂ ಅನುಮಾನವೂ ಸುಲಭ. ಕ್ಯೂಆರ್ ಕೋಡು ಕಾರ್ಯದರ್ಶಿಯ ಸ್ವಂತ ಖಾತೆಗೆ ಸೇರಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾದರೂ, ಮೂರನೇ ಕಾರ್ಯಕ್ರಮದ ಹೊತ್ತಿಗೆ ಮಾತು ಹುಟ್ಟುತ್ತದೆ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೊಂದನ್ನು ನೋಂದಾಯಿಸಬಹುದು, ಅದರ ಹೆಸರಿನಲ್ಲಿ ಖಾತೆ ತೆರೆಯಬಹುದು. ನಾಲ್ಕು ಊರಿಗೆ ಒಂದೇ ಸಂಘ ಸಾಲದು. ಊರಿಗೊಂದಿದ್ದರೆ ಕೊಡುವ ಊರು ತನ್ನ ಖಾತೆಗೆ ಹಣ ಕೂಡಿಸಿ ಕಷ್ಟದ ಊರಿನ ಖಾತೆಗೆ ಒಂದೇ ಕಂತಿನಲ್ಲಿ ಹಾಕುತ್ತದೆ, ಲೆಕ್ಕ ಎರಡು ಕಡೆ ಬೀಳುತ್ತದೆ.

ಹಣ ಯಾರಿಗೆ ಎಂಬುದರಲ್ಲೂ ಕಣ್ತಪ್ಪುವ ಜಾಗವಿದೆ. ಬಯಲಿನಲ್ಲಿ ನಾಟಕ ನಡೆದರೆ ಹೊಟ್ಟೆ ತುಂಬುವುದು ಪಾತ್ರಧಾರಿಗಳದಷ್ಟೇ ಅಲ್ಲ. ನಿಜ ಹೇಳಬೇಕೆಂದರೆ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗಳು ಕೈಯಿಂದಲೇ ದುಡ್ಡು ಹಾಕಿ ಪಾತ್ರ ಮಾಡುವುದುಂಟು. ದುಡಿಯುವವರು ಸೀನರಿಯವರು, ಶಾಮಿಯಾನದವರು, ಬಣ್ಣದವರು, ವಾದ್ಯದವರು, ಕಡಲೆಕಾಯಿ ಮಾರುವವರು. ಆನ್‌ಲೈನ್ ಕಾರ್ಯಕ್ರಮಕ್ಕೆ ಇವರಲ್ಲಿ ಬಹುಪಾಲು ಜನ ಬೇಕಾಗುವುದಿಲ್ಲ. ಹೀಗಾಗಿ ಬಂದ ಹಣವನ್ನು ಪರದೆಯ ಮೇಲೆ ಕಂಡವರಿಗಷ್ಟೇ ಹಂಚಿದರೆ ಕಷ್ಟದಲ್ಲಿರುವವರನ್ನು ಬಿಟ್ಟು ಕಾಣಿಸಿಕೊಂಡವರಿಗೆ ಕೊಟ್ಟಂತಾಗುತ್ತದೆ. ತಂಡಗಳ ಪಟ್ಟಿಯಲ್ಲಿ ಇವರ ಹೆಸರೂ ಇರಬೇಕು ಎನ್ನುವುದು ಇದಕ್ಕೇ. ಇನ್ನೊಂದು ಮಾತು ತಮಟೆಯವರದು. ತಮಟೆ ಬಾರಿಸುವುದು ಒಂದು ಜಾತಿಯ ಬಿಟ್ಟಿ ಚಾಕರಿ ಎಂದು ಊರುಗಳು ಬಹುಕಾಲ ನಡೆಸಿಕೊಂಡು ಬಂದವು. ಅದನ್ನು ಒಲ್ಲೆ ಎಂದವರ ಹೋರಾಟವೂ ಈ ಜಿಲ್ಲೆಯ ಚರಿತ್ರೆಯೇ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದರು. ಅವರದು ಚಿಕ್ಕಬಳ್ಳಾಪುರ ಜಿಲ್ಲೆ, 2007ರವರೆಗೆ ಅದೂ ಕೋಲಾರವೇ. ಆನ್‌ಲೈನ್ ಕಾರ್ಯಕ್ರಮದಲ್ಲಿ ತಮಟೆಯವರನ್ನು ಮೊದಲ ಐದು ನಿಮಿಷದ ಸದ್ದಿಗೆ ಕರೆದು ಆಮೇಲೆ ಮರೆಯುವ ಕ್ರಮ ಮುಂದುವರಿಯಬಾರದು. ಅವರ ಹೆಸರು, ಊರು, ಸಂಭಾವನೆ ಹಾಡುಗಾರರದಷ್ಟೇ ಸ್ಪಷ್ಟವಾಗಿ ಇರಬೇಕು. ನೆರವು ಕೊಡುವಾಗ ಫೋಟೊ ತೆಗೆಯುವುದನ್ನು ಪೂರ್ತಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಈ ಎಲ್ಲ ಮಾತು ಒಂದೇ ಕಡೆ ಕೂಡುವ ಸಂದರ್ಭ 2025ರ ಜೂನಿನಲ್ಲಿ ಶ್ರೀನಿವಾಸಪುರಕ್ಕೆ ಬಂದಿತ್ತು. ಆ ತಿಂಗಳ 7ರಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ತನ್ನ ಜಿಲ್ಲೆಗೆ ಬರದಂತೆ ತಡೆಯಿತು. ತೋತಾಪುರಿ ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗೆ ಹೋಗುವ ಹಣ್ಣು, ಆ ಕಾರ್ಖಾನೆಗಳು ಇರುವುದು ಚಿತ್ತೂರಿನ ಕಡೆ. ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1616 ರೂಪಾಯಿ ದರ ಇಟ್ಟು, 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ಕೊಡುವ ಯೋಜನೆಗೆ ಒಪ್ಪಿತು. ಚಿತ್ತೂರು ತಡೆ ಹಾಕಿದ್ದೂ ತನ್ನ ಬೆಳೆಗಾರರ ಬೆಲೆ ಬಿದ್ದುಹೋಗುತ್ತಿದೆ ಎಂಬ ಕಾರಣಕ್ಕೇ. ಗಡಿಯ ಎರಡೂ ಕಡೆ ತೋಟ ಒಂದೇ, ಸಂಕಟವೂ ಒಂದೇ, ಬಹುಪಾಲು ಮನೆಮಾತೂ ಒಂದೇ.

ಇಂಥ ಹೊತ್ತಿನಲ್ಲಿ ಹಾಡಿನಿಂದ ಏನಾದೀತು ಎಂದು ಕೇಳುವವರಿಗೆ ನೇರ ಉತ್ತರ: ಬೆಲೆ ಏರುವುದಿಲ್ಲ. ಹಣ್ಣಿನ ಮಾರಾಟವನ್ನು ಹಾಡಿನ ಜೊತೆ ಸೇರಿಸುವ ಯೋಚನೆಗೂ ಮಿತಿಯಿದೆ. ಲಾಕ್‌ಡೌನ್ ಕಾಲದಲ್ಲಿ ರಾಜ್ಯದ ಮಾವು ನಿಗಮ ‘ಕರ್‌ಸಿರಿ’ ಜಾಲತಾಣದ ಮೂಲಕ, ಅಂಚೆ ಇಲಾಖೆಯ ನೆರವಿನಿಂದ, ಬೆಂಗಳೂರಿನ ಮನೆಗಳಿಗೆ ರೈತರ ಮಾವಿನ ಪೆಟ್ಟಿಗೆ ಮುಟ್ಟಿಸಿತ್ತು. ಬಾದಾಮಿ, ಮಲ್ಲಿಕಾ, ರಸಪುರಿಗೆ ಆ ದಾರಿ ನಡೆಯುತ್ತದೆ, ಲಾರಿಗಟ್ಟಲೆ ತೋತಾಪುರಿಗೆ ನಡೆಯುವುದಿಲ್ಲ. ನಡೆಯಬಹುದಾದದ್ದು ಬೇರೆ. ಕೋಲಾರ, ಮಾಲೂರು, ಮುಳಬಾಗಿಲಿನ ತಂಡಗಳು ತೋಟದ ಕೂಲಿಗಳಿಗೆ, ಕೆಲಸವಿಲ್ಲದ ವಾದ್ಯದವರಿಗೆ ಆ ಎರಡು ತಿಂಗಳ ಮಟ್ಟಿಗೆ ಕೈಗೆ ಕಾಸು ಕೂಡಿಸಬಹುದು. ಗಡಿಯಾಚೆಯ ಬುರ್ರಕಥೆಯವರನ್ನೂ ಈಚೆಯ ಭಜನೆಯವರನ್ನೂ ಒಂದೇ ಪ್ರಸಾರದಲ್ಲಿ ಕೂರಿಸಿ, ತೆಲುಗಿಗೆ ಕನ್ನಡದ, ಕನ್ನಡಕ್ಕೆ ತೆಲುಗಿನ ಸಾಲುಗಳನ್ನು ಪರದೆಯ ಕೆಳಗೆ ಹಾಕಬಹುದು. ಎರಡು ರಾಜ್ಯಗಳ ಜಗಳ ಎಂದು ಸುದ್ದಿಯಾದದ್ದು ಎರಡೂ ಕಡೆಯ ಬೆಳೆಗಾರರ ಒಂದೇ ಗೋಳು ಎಂದು ಜನರಿಗೆ ಕೇಳಿಸಿದರೆ, ಮುಂದಿನ ವರ್ಷ ಮಾತುಕತೆಗೆ ಕೂರುವವರ ಕೆಲಸ ಸ್ವಲ್ಪ ಹಗುರವಾಗುತ್ತದೆ. ಕಲೆಯಿಂದ ಇಷ್ಟಕ್ಕಿಂತ ಹೆಚ್ಚು ಕೇಳುವುದು ಅತಿಯಾಸೆ.

ಉಳಿದದ್ದು ಕ್ರಮ. ಮೊದಲ ಕಾರ್ಯಕ್ರಮ ಯಾವ ಊರಿಗೂ ಕಷ್ಟವಿಲ್ಲದ ತಿಂಗಳಲ್ಲಿ ಆಗಬೇಕು, ದಸರೆ ಕಳೆದ ಮೇಲಿನ ಯಾವುದಾದರೂ ಹುಣ್ಣಿಮೆ ಅದಕ್ಕೆ ಒಪ್ಪುವ ದಿನ. ಆ ದಿನ ಹಣ ಕೇಳಬಾರದು. ತಂತ್ರ ಸರಿ ಹೋಗುವುದು, ಜನ ಚಾನೆಲ್ಲಿಗೆ ಸೇರುವುದು, ತಂಡಗಳು ಒಂದನ್ನೊಂದು ಅರಿಯುವುದು ಇಷ್ಟಾದರೆ ಸಾಕು. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಂಥ ಜಾಗದಲ್ಲಿ ಒಂದೂರಿನವರು ಎದುರಿಗೆ ಜನರನ್ನು ಕೂರಿಸಿಕೊಂಡೇ ಆಡಿ, ಮಿಕ್ಕ ಮೂರು ಊರು ಪರದೆಯಿಂದ ಉತ್ತರಿಸಿದರೆ ಎದುರಿನ ಕೂಟವೂ ಉಳಿಯುತ್ತದೆ. ಹಾಡಿನ ಮೇಲೆ ಹಾಡು ಹೊಂದಿಸುವವರು ಪ್ರತಿ ಊರಿನಿಂದ ಒಬ್ಬರಂತೆ ನಾಲ್ವರಿರಬೇಕು, ಮತ್ತು ಆ ನಾಲ್ವರು ವರ್ಷಕ್ಕೊಮ್ಮೆ ಬದಲಾಗಬೇಕು. ಇಲ್ಲವಾದರೆ ಜಿಲ್ಲಾ ಕೇಂದ್ರದವರೇ ಎಲ್ಲವನ್ನೂ ನಡೆಸುವ ಹಳೆಯ ಚಾಳಿ ಇಲ್ಲಿಗೂ ಬರುತ್ತದೆ.

ಕಾರ್ಯಕ್ರಮವಾದ ಹದಿನೈದು ದಿನದೊಳಗೆ ಕೂಡಿದ ಹಣ, ಕೊಟ್ಟ ಹಣ, ಉಳಿದ ಹಣ ಇವಿಷ್ಟನ್ನೂ ನಾಲ್ಕೂ ಊರಿನ ತಂಡಗಳಿಗೆ ಬರಹದಲ್ಲಿ ಕಳಿಸಬೇಕು. ಕಾರ್ಯಕ್ರಮದ ವಿಡಿಯೊ ಪ್ರತಿಯನ್ನು ಯೂಟ್ಯೂಬಿನ ಪಾಲಿಗೇ ಬಿಡದೆ, ಕಾಲೇಜೊಂದರ ಗ್ರಂಥಾಲಯದಲ್ಲಿ ಒಂದು, ಇನ್ನೊಂದು ಊರಿನಲ್ಲಿ ಒಂದು ಎಂದು ಎರಡು ಹಾರ್ಡ್ ಡಿಸ್ಕಿನಲ್ಲಿಡಬೇಕು. ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಹಳ್ಳಿ, ತಾಲ್ಲೂಕು, ಕಲಿಸಿದ ಗುರು, ತಾರೀಕು ಇಷ್ಟನ್ನೂ ಪ್ರತಿ ಕಡತದ ಜೊತೆ ಬರೆದಿಡಬೇಕು.

ವಿಶ್ವಾಸದಿಂದ,
ಒಬ್ಬ ಪ್ರೇಕ್ಷಕ